ಹಳೆಯ ಎಂಜಿಬಿಗೆ ರಿಡಕ್ಷನ್ ಗೇರ್ ಸ್ಟಾರ್ಟರ್: ಬಳಸಿ ನೋಡಿದ ಮೇಲೆ

ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಸ್ಪೋರ್ಟ್ಸ್ ಕಾರನ್ನು ಇಂದಿಗೂ ಓಡಿಸುತ್ತಿರುವವರಿಗೆ, ಅದರ ಮೂಲ ಲೂಕಾಸ್ ಕಂಪನಿಯ ಸ್ಟಾರ್ಟರನ್ನು (ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಮೋಟಾರನ್ನು) ಉಳಿಸಿಕೊಳ್ಳಬೇಕೇ ಅಥವಾ ಈಗ ಸಿಗುವ ರಿಡಕ್ಷನ್ ಗೇರ್ ಸ್ಟಾರ್ಟರಿಗೆ ಬದಲಾಗಬೇಕೇ ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ನನ್ನ 1969ರ ಕಾರಿನಲ್ಲಿ ಹೊಸದನ್ನು ಅಳವಡಿಸಿ, ಸೆಕೆ ಚಳಿ ಎರಡರಲ್ಲೂ ಬಳಸಿದ್ದೇನೆ. ವಸ್ತು ನಿಜಕ್ಕೂ ಚೆನ್ನಾಗಿದೆ. ಆದರೆ ಹಳೆಯ ಮೋಟಾರಿನ ಮೇಲೆ ನಾವು ಹೊರಿಸುವ ದೂರುಗಳಲ್ಲಿ ಅನೇಕವು ಅದಕ್ಕೆ ಸೇರಿದವಲ್ಲ ಎಂಬುದನ್ನು ಮೊದಲೇ ಹೇಳಬೇಕು.

ಈ ಕಾರಿನಲ್ಲಿ ಬ್ಯಾಟರಿ ಇರುವುದು ಸೀಟುಗಳ ಹಿಂದೆ. ಅಲ್ಲಿಂದ ಹೊರಟ ದಪ್ಪ ಕೇಬಲ್ ಕಾರಿನ ತಳಭಾಗದಲ್ಲಿ ಉದ್ದಕ್ಕೂ ಸಾಗಿ ಸ್ಟಾರ್ಟರನ್ನು ಮುಟ್ಟುತ್ತದೆ. ರಬ್ಬರಿನ ಮೌಂಟಿಂಗುಗಳ ಮೇಲೆ ಕುಳಿತ ಎಂಜಿನ್ನಿಗೂ ಬಾಡಿಗೂ ನಡುವೆ ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ಮರಳಲು ಅರ್ತ್ ಪಟ್ಟಿಯೊಂದು ಬೇರೆ ಇರುತ್ತದೆ. ಇಷ್ಟು ದಾರಿಯಲ್ಲಿ ಎಲ್ಲಿ ತುಕ್ಕು ಹಿಡಿದರೂ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಅಪವಾದ ಮಾತ್ರ ಮೋಟಾರಿಗೆ ಬರುತ್ತದೆ. ಸೆಲ್ಫ್ ಹೊಡೆಯುವಾಗ ಚೋಕ್ ಕೇಬಲ್ ಬಿಸಿಯಾದರೆ, ಅರ್ತ್ ಪಟ್ಟಿ ಕೆಟ್ಟು ಕರೆಂಟು ಆ ದಾರಿ ಹಿಡಿದಿದೆ ಎಂದೇ ತಿಳಿಯಬೇಕು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಸ್ಟಾರ್ಟರಿನ ಸ್ಟಡ್ಡಿಗೂ ಹಿಡಿದು ಸೆಲ್ಫ್ ಹೊಡೆಸಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ, ಹೊಸ ಸ್ಟಾರ್ಟರಿಗೆ ಹಣ ತೆರುವ ಮುನ್ನ ಕೇಬಲ್ಲನ್ನೂ ಜೋಡಣೆಗಳನ್ನೂ ಸರಿಪಡಿಸುವುದು ವಿವೇಕ. ಎಂಜಿನ್ನಿನಿಂದ ಬ್ಯಾಟರಿಯ ಋಣ ತುದಿಯವರೆಗೂ ಇದೇ ಪರೀಕ್ಷೆ ಆಗಬೇಕು. ನನ್ನ ಕಾರಿನಲ್ಲಿ ಇವೆರಡೂ ಸರಿಯಾಗಿದ್ದವು. ಸವೆದದ್ದು ಮೋಟಾರಿನ ಬ್ರಶ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು) ಮತ್ತು ಅದರ ದಂಡ ತಿರುಗುವ ಬುಷ್‌ಗಳೇ ಆಗಿದ್ದವು.

ಮೂಲ ಮೋಟಾರಿನಲ್ಲಿ ಆರ್ಮೇಚರ್ (ಒಳಗಿನ ತಿರುಗುವ ಭಾಗ) ತಿರುಗಿದಷ್ಟೇ ವೇಗದಲ್ಲಿ ಪಿನಿಯನ್ (ಎಂಜಿನ್ನಿಗೆ ಕಚ್ಚಿಕೊಳ್ಳುವ ಚಿಕ್ಕ ಗೇರು) ತಿರುಗುತ್ತದೆ. ಆದ್ದರಿಂದ 1798 ಸಿಸಿಯ ಎಂಜಿನ್ನನ್ನು ಕದಲಿಸುವ ಬಲವೆಲ್ಲ ನೇರವಾಗಿ ಅದರಿಂದಲೇ ಬರಬೇಕು. ಅದಕ್ಕಾಗಿ ಅದು ದೊಡ್ಡದು, ಭಾರವಾದದ್ದು, ಹೆಚ್ಚು ಕರೆಂಟು ಎಳೆಯುವಂಥದ್ದು. ಹೊಸದರಲ್ಲಿ ಚಿಕ್ಕ ಮೋಟಾರೊಂದು ಬಹಳ ವೇಗವಾಗಿ ತಿರುಗುತ್ತದೆ, ಒಳಗಿನ ಗೇರುಗಳು ಆ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸಿಕೊಡುತ್ತವೆ. ತೂಕ ಹಳೆಯದರ ಸುಮಾರು ಅರ್ಧ. ಎಳೆಯುವ ಕರೆಂಟು ಕಡಿಮೆಯಾದ್ದರಿಂದ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜ್ ಅಷ್ಟಾಗಿ ಕುಸಿಯುವುದಿಲ್ಲ, ಇಗ್ನಿಷನ್ ಕಾಯಿಲಿಗೂ ಒಳ್ಳೆಯ ಪಾಲು ಸಿಗುತ್ತದೆ. ಎಂಜಿನ್ ಬೇಗ ಹತ್ತಿಕೊಳ್ಳುವುದಕ್ಕೆ ಹೆಚ್ಚಿನ ವೇಗದಷ್ಟೇ ಇದೂ ಕಾರಣ ಎಂಬುದು ನನ್ನ ಅಭಿಪ್ರಾಯ.

ಅಳವಡಿಕೆ ಸುಲಭವೆಂದು ಮಾರುವವರು ಹೇಳುತ್ತಾರೆ. ಹೊಸದನ್ನು ಕೂರಿಸುವುದು ಸುಲಭವೇ, ಹಳೆಯದನ್ನು ತೆಗೆಯುವುದು ಹಾಗಲ್ಲ. ಸ್ಟಾರ್ಟರ್ ಇರುವುದು ಎಂಜಿನ್ನಿನ ಬಲಬದಿಯಲ್ಲಿ, ಡಿಸ್ಟ್ರಿಬ್ಯೂಟರ್ ಮತ್ತು ಆಯಿಲ್ ಫಿಲ್ಟರಿನ ಬಳಿ; ಹಿಡಿದಿರುವ ಎರಡು ಬೋಲ್ಟುಗಳಲ್ಲಿ ಕೆಳಗಿನದು ತಾನಾಗಿ ಕೈಗೆ ಸಿಗುತ್ತದೆ, ಮೇಲಿನದನ್ನು ಕಣ್ಣಿಗಿಂತ ಬೆರಳಿನಿಂದಲೇ ಹುಡುಕಬೇಕು. ಆಯಿಲ್ ಫಿಲ್ಟರನ್ನು ಬಿಚ್ಚಿ, ಉದ್ದನೆಯ ಎಕ್ಸ್‌ಟೆನ್ಷನ್ನಿಗೆ ಯೂನಿವರ್ಸಲ್ ಜಾಯಿಂಟ್ ಸೇರಿಸಿದ ಮೇಲೆ ಅದು ಸಡಿಲವಾಯಿತು. ಹೊರಬರುವಾಗ ಹಳೆಯ ಮೋಟಾರಿನ ಪೂರ್ತಿ ಭಾರ ಒಂದೇ ಕೈಮೇಲೆ ಬೀಳುತ್ತದೆ, ಕಾರಿನಡಿ ಮಲಗಿ ಒಬ್ಬರೇ ಇದನ್ನು ಮಾಡಬಾರದು. ಎಲ್ಲಕ್ಕಿಂತ ಮೊದಲು ಬ್ಯಾಟರಿ ಬಿಚ್ಚಿರಬೇಕು. ಕಾರಿನ ಉಳಿದ ವಿದ್ಯುತ್ ವ್ಯವಸ್ಥೆಗೆ ಹೋಗುವ ಕಂದು ತಂತಿಗಳೂ ಬ್ಯಾಟರಿ ಕೇಬಲ್ ಸೇರುವ ಸೊಲೆನಾಯ್ಡಿನ (ಮೋಟಾರಿಗೆ ಕರೆಂಟು ಹರಿಸುವ ವಿದ್ಯುತ್ ಸ್ವಿಚ್ಚಿನ) ಅದೇ ಸ್ಟಡ್ಡಿಗೆ ಬಿಗಿದಿರುತ್ತವೆ ಮತ್ತು ಬ್ಯಾಟರಿಯಿಂದ ಅಲ್ಲಿಯವರೆಗೆ ನಡುವೆ ಯಾವ ಫ್ಯೂಸೂ ಇಲ್ಲ.

ನಾನು ಕೊಂಡ ಸ್ಟಾರ್ಟರಿನಲ್ಲಿ ಎರಡು ಕೊರತೆ ಕಂಡೆ. ಟರ್ಮಿನಲ್ಲುಗಳ ಅಳತೆ ಹಳೆಯ ತಂತಿಗಳಿಗೆ ಹೊಂದದೆ ತಂತಿಯ ತುದಿಗೆ ಹೊಸ ಲಗ್ಗುಗಳನ್ನು (ಲೋಹದ ಕೊಂಡಿಗಳನ್ನು) ಒತ್ತಿಸಬೇಕಾಯಿತು. ತಯಾರಕರು ಇಟ್ಟಿದ್ದ ಸೂಚನಾ ಹಾಳೆಯಲ್ಲಿ ಬೋಲ್ಟುಗಳನ್ನು ಎಷ್ಟು ಬಿಗಿ ಮಾಡಬೇಕೆಂಬ ಮಾತೇ ಇರಲಿಲ್ಲ. ಮೆಚ್ಚಿದ್ದು ಅದರ ಮೌಂಟಿಂಗ್ ಪ್ಲೇಟನ್ನು: ಹಲವು ರಂಧ್ರಗಳಿರುವುದರಿಂದ ಮೋಟಾರಿನ ದೇಹವನ್ನು ಬೇಕಾದ ಕೋನಕ್ಕೆ ತಿರುಗಿಸಿ, ಸೊಲೆನಾಯ್ಡ್ ಫಿಲ್ಟರಿಗೆ ತಗುಲದಂತೆ ಕೂರಿಸಬಹುದು.

ಬಳಕೆಯಲ್ಲಿ ದೂರಲು ಏನೂ ಇಲ್ಲ. ತಣ್ಣಗಿನ ಎಂಜಿನ್ನನ್ನೂ ಹಿಂಜರಿಯದೆ ತಿರುಗಿಸುತ್ತದೆ. ಸದ್ದು ಮಾತ್ರ ಈಗಿನ ಕಾರುಗಳದ್ದು, ತೆಳುವಾದ ಕೀರಲು. ಕಾರು ಕಾರ್ಖಾನೆಯಿಂದ ಬಂದಂತೆಯೇ ಇರಬೇಕೆಂಬವರಿಗೆ ಇದು ಒಪ್ಪಿಗೆಯಾಗದು. ಅಂಥವರು ಹಳೆಯ ಮೋಟಾರಿಗೆ ಬ್ರಶ್, ಬುಷ್ ಹಾಕಿಸಿ ಬ್ರಶ್ ಉಜ್ಜುವ ತಾಮ್ರದ ಭಾಗವಾದ ಕಮ್ಯುಟೇಟರನ್ನು ಲೇಥಿನಲ್ಲಿ ಸಮಮಾಡಿಸಿದರೆ ಅದು ಮತ್ತೆ ವರ್ಷಗಟ್ಟಲೆ ನಡೆಯುತ್ತದೆ. ಅದು ಎರಡನೆಯ ದರ್ಜೆಯ ಆಯ್ಕೆ ಎಂದು ನಾನು ಖಂಡಿತ ಭಾವಿಸುವುದಿಲ್ಲ.

1967ರ ಕೊನೆಯವರೆಗಿನ ಕಾರುಗಳ ಕಥೆ ಬೇರೆ, ಅವುಗಳ ಒಡೆಯರು ಆತುರಪಡಬಾರದು. ಅವುಗಳಲ್ಲಿರುವುದು ಪಿನಿಯನ್ ತಾನೇ ಜಿಗಿದು ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಸುತ್ತಲಿನ ಹಲ್ಲುಗಳಿಗೆ (ರಿಂಗ್ ಗೇರಿಗೆ) ಕಚ್ಚಿಕೊಳ್ಳುವ ಬೆಂಡಿಕ್ಸ್ ಮಾದರಿಯ ಸ್ಟಾರ್ಟರ್. ಫ್ಲೈವೀಲಿನ ರಿಂಗ್ ಗೇರೂ ಬೇರೆಯಾದ್ದರಿಂದ ನಂತರದ ಕಾರುಗಳ ಸ್ಟಾರ್ಟರ್ ಅವಕ್ಕೆ ಕೂರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಕಾರುಗಳು ಕಾರ್ಖಾನೆಯಿಂದ ಬಂದದ್ದು ಪಾಸಿಟಿವ್ ಅರ್ತಿನಲ್ಲಿ, ಅಂದರೆ ಬ್ಯಾಟರಿಯ ಧನ ತುದಿಯನ್ನು ಬಾಡಿಗೆ ಜೋಡಿಸಿ. ಕಾಯಿಲ್ ಸುತ್ತಿದ ಹಳೆಯ ಮೋಟಾರು ಧನ–ಋಣ ಅದಲುಬದಲಾದರೂ ಒಂದೇ ದಿಕ್ಕಿಗೆ ತಿರುಗುತ್ತದೆ. ಶಾಶ್ವತ ಅಯಸ್ಕಾಂತವಿರುವ ಹೊಸ ಮೋಟಾರನ್ನು ಅಂಥ ಕಾರಿಗೆ ಹಾಗೆಯೇ ಜೋಡಿಸಿದರೆ ಅದು ಹಿಮ್ಮುಖವಾಗಿ ತಿರುಗುತ್ತದೆ. ಆದ್ದರಿಂದ ಒಂದೋ ಕಾರನ್ನು ಕ್ರಮವಾಗಿ ನೆಗೆಟಿವ್ ಅರ್ತಿಗೆ ಬದಲಿಸಿರಬೇಕು, ಇಲ್ಲವೇ ಮಾರುವವರಿಂದ ಮೋಟಾರಿನಲ್ಲಿ ಅಯಸ್ಕಾಂತವಿದೆಯೋ ಕಾಯಿಲಿದೆಯೋ ಎಂಬುದನ್ನು ಬರಹದಲ್ಲೇ ಖಚಿತಪಡಿಸಿಕೊಂಡು ಕೊಳ್ಳಬೇಕು.

ಕೊನೆಯ ವರ್ಷಗಳಲ್ಲಿ ತಯಾರಾದ, ರಬ್ಬರ್ ಬಂಪರಿನ ಎಂಜಿಬಿ ಕಾರುಗಳವರು ಇನ್ನೊಂದನ್ನು ಗಮನಿಸಬೇಕು. ಅವುಗಳ ಸೊಲೆನಾಯ್ಡಿನಲ್ಲಿ ಸೆಲ್ಫ್ ಹೊಡೆಯುವಾಗ ಕಾಯಿಲಿಗೆ ಪೂರ್ಣ ವೋಲ್ಟೇಜ್ ಕಳಿಸುವ ಹೆಚ್ಚುವರಿ ಟರ್ಮಿನಲ್ ಇರುತ್ತದೆ. ಹೊಸ ಸ್ಟಾರ್ಟರಿನಲ್ಲಿ ಅದು ಇಲ್ಲವಾದರೆ ಆ ಕೆಲಸಕ್ಕೆ ಪ್ರತ್ಯೇಕವಾಗಿ ಒಂದು ರಿಲೇ ಹಾಕಿಸಬೇಕಾಗುತ್ತದೆ.