ಅನುದಾನದ ಮಂಜೂರಾತಿ ಪತ್ರ ನಂಬಿ ನಮ್ಮ ಈಜು ಸಂಘ 38,000 ರೂಪಾಯಿ ಕಳೆದುಕೊಂಡದ್ದು

ಕಾರವಾರದಲ್ಲಿ ಕಲಾತ್ಮಕ ಈಜು (ಹಾಡಿಗೆ ತಕ್ಕಂತೆ ನೀರಿನಲ್ಲಿ ನರ್ತಿಸುವ ಕ್ರೀಡೆ) ಕಲಿಯುತ್ತಿರುವ ಹನ್ನೊಂದು ಹುಡುಗಿಯರ ಪುಟ್ಟ ಸಂಘವೊಂದರ ಖಜಾಂಚಿ ನಾನು. 2024ರಲ್ಲಿ ಅನುದಾನ ಹುಡುಕಲು ಹೋಗಿ, ಪಾಲಕರು ವಂತಿಗೆ ಹಾಕಿ ಕೂಡಿಸಿದ್ದ 38,000 ರೂಪಾಯಿಯನ್ನು ನನ್ನ ಕೈಯಾರೆ ಮೋಸಗಾರನೊಬ್ಬನಿಗೆ ಕಳಿಸಿದೆ. ಅಂಥದೇ ಕರೆ ಬೇರೆ ಊರಿನ ಸಂಘಗಳಿಗೂ ಬರಬಹುದಾದ್ದರಿಂದ, ಸಂಕೋಚ ಬದಿಗಿಟ್ಟು ನಡೆದದ್ದನ್ನು ಬರೆಯುತ್ತಿದ್ದೇನೆ.

ನಮಗೆ ಮುಖ್ಯವಾಗಿ ಬೇಕಿದ್ದುದು ನೀರಿನೊಳಗೆ ಇಳಿಬಿಡುವ ಸ್ಪೀಕರ್. ತಲೆ ಕೆಳಗಾಗಿ ಕಾಲುಗಳಷ್ಟೇ ನೀರಿನ ಮೇಲಿರುವಾಗ ದಡದಲ್ಲಿ ಹಾಕಿದ ಹಾಡು ಮಕ್ಕಳಿಗೆ ಸರಿಯಾಗಿ ಕೇಳಿಸದು. ಹಾಗಾಗಿ ನಮ್ಮ ತರಬೇತುದಾರರು ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಏಣಿಯ ಕಂಬಿಗೆ ನೀರಿನಡಿಯಲ್ಲಿ ಸ್ಟೀಲ್ ಸೌಟಿನಿಂದ ಬಡಿಯುತ್ತ ಎಂಟೆಂಟರ ಲೆಕ್ಕ ಕೊಡುತ್ತಾರೆ. ಸೌಟು ನನ್ನ ಮನೆಯದೇ, ಈಗ ಅದರ ಅಂಚು ಪೂರ್ತಿ ನೆಗ್ಗಿದೆ.

ಪ್ಯಾರಿಸ್ ಒಲಿಂಪಿಕ್ಸ್ ಮುಗಿದ ವಾರ ಆ ಕರೆ ಬಂತು. ತಾನು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ಹಣವನ್ನು ಕ್ರೀಡಾ ಸಂಘಗಳಿಗೆ ಕೊಡಿಸುವ ಸಲಹೆಗಾರನೆಂದೂ, ಆರು ಲಕ್ಷ ರೂಪಾಯಿ ಕಷ್ಟವೇ ಅಲ್ಲವೆಂದೂ ಆತ ಹೇಳಿದ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು, ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಅದರ ವ್ಯಾಪ್ತಿಯಲ್ಲಿದೆ ಎಂದು ವಿವರಿಸಿದ. ಅಷ್ಟರ ಮಟ್ಟಿಗೆ ಆತನ ಮಾತು ಸುಳ್ಳಲ್ಲ, ನಾವು ನಂಬಿದ್ದೂ ಅದಕ್ಕೇ. ಯೋಜನಾ ವರದಿಗೆಂದು 8,000 ಕೊಟ್ಟೆವು. ಹತ್ತು ದಿನಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಮೊಹರು, ಸಹಿ ಎಲ್ಲ ಇದ್ದ ಮಂಜೂರಾತಿ ಪತ್ರ ಬಂತು. ಅದರ ಹಿಂದೆಯೇ 'ಮುಂಗಡ ಜಿಎಸ್‌ಟಿ' ಎಂದು 30,000 ರೂಪಾಯಿಯ ಬೇಡಿಕೆ. ಹಣ ಹೋದದ್ದು ಸಂಸ್ಥೆಯ ಖಾತೆಗಲ್ಲ, ಒಬ್ಬ ವ್ಯಕ್ತಿಯ ಹೆಸರಿನ ಯುಪಿಐಗೆ. ಆರು ಲಕ್ಷದ ಕನಸಿನಲ್ಲಿ ಅದನ್ನು ನೋಡಿಯೂ ನೋಡದವಳಾದೆ.

ಮೂರನೆಯ ಸಲ 'ವಿಮೆ' ಎಂದು 45,000 ಕೇಳಿದಾಗಲೂ ನಾನು ಹಣ ಹೊಂದಿಸುವ ಯೋಚನೆಯಲ್ಲೇ ಇದ್ದೆ. ಪತ್ರವನ್ನು ಪಾಲಕರ ಗುಂಪಿಗೆ ಹಾಕಿದ್ದರಿಂದ ಉಳಿದೆವು. ಅದರಲ್ಲಿ 'ಫಿನಾ ಮಾನ್ಯತೆ ಪಡೆದ ಸಿಂಕ್ರೊನೈಸ್ಡ್ ಸ್ವಿಮ್ಮಿಂಗ್' ಎಂದಿತ್ತು. ತಾಯಿಯ ಫೋನಿನಲ್ಲಿ ಅದನ್ನು ಓದಿದ ಹದಿಮೂರರ ಹುಡುಗಿಯೊಬ್ಬಳು, "ಆಂಟಿ, ಫಿನಾ ಅಂತ ಈಗ ಇಲ್ಲ, ವರ್ಲ್ಡ್ ಅಕ್ವಾಟಿಕ್ಸ್ ಅಲ್ವಾ?" ಎಂದು ಕೇಳಿದಳು. ಸಿಂಕ್ರೊನೈಸ್ಡ್ ಸ್ವಿಮ್ಮಿಂಗ್ ಎಂಬ ಕ್ರೀಡೆಯ ಹೆಸರು 2017ರಲ್ಲಿ ಕಲಾತ್ಮಕ ಈಜು ಎಂದೂ, ಫಿನಾ ಎಂಬ ಅಂತರರಾಷ್ಟ್ರೀಯ ಈಜು ಒಕ್ಕೂಟದ ಹೆಸರು 2022ರ ಡಿಸೆಂಬರಿನಲ್ಲಿ ವರ್ಲ್ಡ್ ಅಕ್ವಾಟಿಕ್ಸ್ ಎಂದೂ ಬದಲಾಗಿದ್ದವು. ಈ ಕ್ರೀಡೆಗೆ ಲಕ್ಷಗಟ್ಟಲೆ ಕೊಡಹೊರಟ ಕಂಪನಿಗೆ ಅದರ ಹೆಸರೇ ಗೊತ್ತಿರಲಿಲ್ಲ.

ಮರುದಿನ ಶಿರಸಿಯಲ್ಲಿರುವ ಲೆಕ್ಕಪರಿಶೋಧಕರೊಬ್ಬರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಸಂಘ ನೋಂದಣಿಯಾಗಿ ಎಷ್ಟು ವರ್ಷವಾಯಿತು?" ಎಂಬುದು. ನಮ್ಮದು 2023ರ ಜೂನಿನಲ್ಲಿ ನೋಂದಣಿಯಾದದ್ದು. ಕಂಪನಿಯೇ ಸ್ಥಾಪಿಸಿದ ಸಂಸ್ಥೆಯಲ್ಲದೆ ಹೊರಗಿನ ಸಂಘವೊಂದು ಸಿಎಸ್‌ಆರ್ ಕೆಲಸ ವಹಿಸಿಕೊಳ್ಳಬೇಕಾದರೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ ಇರಬೇಕು. ಆದಾಯ ತೆರಿಗೆ ಕಾಯ್ದೆಯಡಿ ಸಂಘಕ್ಕೆ ತೆರಿಗೆ ವಿನಾಯಿತಿ ಮತ್ತು ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡುವ ನೋಂದಣಿ (1961ರ ಕಾಯ್ದೆಯಲ್ಲಿ 12ಎ ಮತ್ತು 80ಜಿ) ಇರಬೇಕು. 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ಅರ್ಜಿ ಸಲ್ಲಿಸಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಿಂದ ನೋಂದಣಿ ಸಂಖ್ಯೆಯನ್ನೂ ಪಡೆದಿರಬೇಕು. ಅಂದರೆ ನಮಗೆ ಆ ಹಣ ಪಡೆಯುವ ಅರ್ಹತೆಯೇ ಇರಲಿಲ್ಲ. ಸಲಹೆಗಾರನೆನಿಸಿಕೊಂಡವನು ಇದರಲ್ಲಿ ಒಂದನ್ನೂ ಕೇಳಿರಲಿಲ್ಲ. ನಿಜವಾಗಿ ಹಣ ಕೊಡುವವರು ಮೊದಲು ಕೇಳುವುದು ಈ ಕಾಗದಗಳನ್ನೇ, ಮತ್ತು ಪರಿಶೋಧಿಸಿದ ಲೆಕ್ಕಪತ್ರಗಳನ್ನು. ಕೊಡುವವರೇ ನಿಮ್ಮಿಂದ ಮುಂಗಡ ತೆರಿಗೆಯನ್ನೋ ವಿಮೆಯನ್ನೋ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಇನ್ನೊಂದು ತಪ್ಪು ತಡ ಮಾಡಿದ್ದು. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದು ಕೈ ಬದಲಾಗುವ ಮೊದಲೇ ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ನಾನು ಆತ ಇಂದು ಫೋನ್ ಎತ್ತಿಯಾನು, ನಾಳೆ ಎತ್ತಿಯಾನು ಎಂದು ಹದಿನೇಳು ದಿನ ಕಳೆದೆ. ದೂರು ದಾಖಲಾಗಿದೆ, ಒಂದು ರೂಪಾಯಿಯೂ ಮರಳಿಲ್ಲ.

ವರ್ಷದ ಲೆಕ್ಕ ಬರೆಯುವಾಗ ಈ 38,000ವನ್ನು ಯಾವ ಬಾಬಿಗೆ ಹಾಕುವುದೆಂಬ ಪ್ರಶ್ನೆ ಬಂತು. ಸಮಿತಿಯಲ್ಲಿ ಕೆಲವರು 'ಸಲಹಾ ವೆಚ್ಚ' ಎಂದರು. ನಾನು 'ವಂಚನೆಯಿಂದಾದ ನಷ್ಟ' ಎಂದೇ ಬರೆಸಿದೆ. 2026ರ ಜೂನಿನಲ್ಲಿ ಮೂರು ವರ್ಷ ತುಂಬಿದ ಮೇಲೆ ಸಲ್ಲಿಸುವ ಅರ್ಜಿಗೆ ಆ ಪುಟವನ್ನೂ ಲಗತ್ತಿಸಬೇಕಾಗುತ್ತದೆ.