ಹಿತ್ತಲ ಸಾಲು, ತಾರಸಿಯ ಚೀಲ, ಕಲ್ಲಿನ ಕಟ್ಟೆ: ಮೂರು ಚಳಿಗಾಲದಲ್ಲಿ ನಾನು ಕಂಡದ್ದು

ತುಳಸಿ ಪೂಜೆ ಮುಗಿಯುವ ಹೊತ್ತಿಗೆ ಉಡುಪಿ ಹತ್ತಿರದ ಪರ್ಕಳದ ನಮ್ಮ ಹಿತ್ತಲಿನ ಮಣ್ಣು ಗಟ್ಟಿಯಾಗಲು ಶುರು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ ಇದೇನಾ ಅನಿಸಬೇಕು, ಅಷ್ಟು ಬೇಗ ಒಣಗುತ್ತದೆ. ನಮ್ಮಲ್ಲಿ ಹಿಮ ಬೀಳುವ ಭಯ ಇಲ್ಲ. ಚಳಿಗಾಲದ ತಯಾರಿ ಅಂದರೆ ತರಕಾರಿ ಗಿಡ ಇಡುವುದು, ಮೇ ತಿಂಗಳವರೆಗೆ ಅದಕ್ಕೆ ನೀರಿನ ದಾರಿ ಮಾಡುವುದು, ಅಷ್ಟೇ. ಆದರೆ ನನಗೀಗ 68. ಎಡ ಮಂಡಿ ಸವೆದಿದೆ. ಹಾಗಾಗಿ ಮೂರು ವರ್ಷ ಮೂರು ರೀತಿ ಮಾಡಿ ನೋಡಿದೆ.

ಮೊದಲ ವರ್ಷ ಅಮ್ಮನ ಕಾಲದ ಹಾಗೆ ನೆಲದಲ್ಲೇ ಸಾಲು. ಆಳು ಕರೆದು ಅಗೆಸಿದೆ. ಮಳೆಗೆ ಸಾರ ತೊಳೆದುಹೋಗಿ ನಮ್ಮ ಕೆಂಪು ಮಣ್ಣು ಹುಳಿಯಾಗಿರುತ್ತದೆ. ಅದಕ್ಕೆ ನೆಡುವ ಎರಡು ವಾರ ಮೊದಲು ಸುಣ್ಣ ಉದುರಿಸಿ, ಆಮೇಲೆ ಹಟ್ಟಿಗೊಬ್ಬರ, ಸುಡುಮಣ್ಣು (ತರಗೆಲೆ, ಕಸಕಡ್ಡಿ ಜೊತೆ ಸುಟ್ಟ ಮಣ್ಣು) ಹಾಕಿದೆ. ಅಲಸಂಡೆ, ಹರಿವೆ, ಬಸಳೆ, ಗುಳ್ಳ (ನಮ್ಮ ಕಡೆಯ ದುಂಡು ಬದನೆ) ಎಲ್ಲ ಬಂತು. ತರಗೆಲೆ ಮುಚ್ಚಿದ ಮೇಲೆ ಎರಡು ದಿನಕ್ಕೊಮ್ಮೆ ನೀರು ಕೊಟ್ಟರೆ ಸಾಕಿತ್ತು. ಇಷ್ಟು ಕಡಿಮೆ ನೀರು ಬೇರೆ ಯಾವ ರೀತಿಯಲ್ಲೂ ಸಾಲಲಿಲ್ಲ.

ಕಷ್ಟ ಆದದ್ದು ಕೂತು ಏಳುವುದರಲ್ಲಿ. ಒಂದು ಸಾಲಿನ ಹುಲ್ಲು ಕೀಳುವಷ್ಟರಲ್ಲಿ ಎರಡು ಸಲ ಬಾಲ್ದಿ ಹಿಡಿದು ಏಳಬೇಕಾಯಿತು. ಹರಿವೆಯ ಎಳೆ ಗಿಡಗಳನ್ನು ನವಿಲುಗಳು ಬಂದು ಮುಗಿಸಿದವು. ಅದಕ್ಕಿಂತ ಜಾಸ್ತಿ ಸಂಕಟ ಕೊಟ್ಟದ್ದು ಗುಳ್ಳ. ಜನವರಿಯಲ್ಲಿ, ಕಾಯಿ ಹಿಡಿದ ಗಿಡ, ಎಲೆ ಹಸಿರಿರುವಾಗಲೇ ಮಧ್ಯಾಹ್ನ ಜೋತುಬಿತ್ತು. ನೀರು ಹಾಕಿದರೂ ಏಳಲಿಲ್ಲ. ನೆರೆಮನೆಯ ಭಟ್ರು ಬಂದು ನೋಡಿ, "ಅಕ್ಕಾ, ಒಂದು ಗ್ಲಾಸ್ ನೀರು ತನ್ನಿ" ಅಂದರು. ಬುಡದ ಕಾಂಡ ಕತ್ತರಿಸಿ ನೀರಿನಲ್ಲಿ ಇಳಿಬಿಟ್ಟು ಹಿಡಿದರು. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆ ಮೆಲ್ಲಗೆ ಕೆಳಗಿಳಿಯಿತು. ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಅದು ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಆ ಜಾಗದಲ್ಲಿ ಬದನೆ, ಟೊಮೆಟೊ, ಮೆಣಸು ಮತ್ತೆ ನೆಡುವ ಹಾಗಿಲ್ಲ. ಒಂಬತ್ತರಲ್ಲಿ ಆರು ಗಿಡ ಕಿತ್ತು ಸುಟ್ಟೆ. ಆ ದಿನ ಊಟ ಸೇರಲಿಲ್ಲ.

ಎರಡನೇ ವರ್ಷ ತಾರಸಿ. ಹೊಸ ಮಣ್ಣು, ರೋಗ ಇಲ್ಲ, ನವಿಲಿನ ಕಾಟವೂ ಕಡಿಮೆ ಅಂತ ಗ್ರೋ ಬ್ಯಾಗ್, ಅಂದರೆ ಗಿಡ ನೆಡುವ ಚೀಲ ತಂದೆ. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಹದಿನೇಳು ಮೆಟ್ಟಿಲು, ದಿನಕ್ಕೆ ಎರಡು ಸಲ. ಕಾಂಕ್ರೀಟಿನ ಕಾವಿಗೆ ಚೀಲ ಮಧ್ಯಾಹ್ನಕ್ಕೇ ಒಣಗುತ್ತಿತ್ತು. ಅಗ್ಗದ ಚೀಲಗಳು ಮಾರ್ಚ್‌ನಲ್ಲೇ ಬಿಸಿಲಿಗೆ ಪುಡಿಯಾಗಿ ಹರಿದವು. ಒಂದು ಸಂಜೆ ಒದ್ದೆ ಮೆಟ್ಟಿಲಲ್ಲಿ ಕಾಲು ಜಾರಿ ಕಂಬಿ ಹಿಡಿದುಕೊಂಡೆ. ಯಜಮಾನರು "ಇನ್ನು ಮೇಲೆ ಹತ್ತುವುದು ಬೇಡ ಮಾರಾಯ್ತಿ" ಅಂದರು. ಅವರು ಹೇಳಿದ್ದು ಸರಿ. ಮಂಡಿನೋವಿನವರು ತಾರಸಿಯ ಆಸೆ ಬಿಡುವುದೇ ಒಳ್ಳೆಯದು.

ಮೂರನೆಯದು ಕಟ್ಟೆ. ಬಾವಿಯ ಪಕ್ಕ, ನಲ್ಲಿ ಕೈಗೆಟಕುವಲ್ಲಿ, ಹಳೆಯ ಕೆಂಪುಕಲ್ಲು ಪೇರಿಸಿ ಅದರ ಮೇಲೆ ಚೀಲ ಇಟ್ಟೆವು. ಮೊದಲು ಎರಡೂವರೆ ಅಡಿ ಎತ್ತರ ಮಾಡಿಸಿದ್ದು ತಪ್ಪಾಯಿತು. ಚೀಲವೇ ಒಂದೂಕಾಲು ಅಡಿ, ಅದರ ಮೇಲೆ ಗಿಡ ಬೆಳೆದಾಗ ಕಾಯಿ ತಲೆಗಿಂತ ಮೇಲೆ ಹೋಯಿತು. ಒಂದು ವರಸೆ ಕಲ್ಲು ತೆಗೆಸಿ ಒಂದೂವರೆ ಅಡಿಗೆ ಇಳಿಸಿದೆ. ಈಗ ಚೀಲದ ಬಾಯಿ ಸರಿಯಾಗಿ ಸೊಂಟಕ್ಕೆ ಬರುತ್ತದೆ. ನಿಂತೇ ಕೆಲಸ. ಗುಳ್ಳದ ತೊಟ್ಟಿನಲ್ಲಿ ಮುಳ್ಳು ಇರುತ್ತದಲ್ವಾ, ಬಗ್ಗದೆ ಕಣ್ಣೆದುರಲ್ಲೇ ನೋಡಿ ಕೊಯ್ಯಬಹುದು.

ಮಣ್ಣು, ಹಟ್ಟಿಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು. ತಳದಲ್ಲಿ ತೆಂಗಿನ ಸಿಪ್ಪೆಯ ಚೂರು. ಮಣ್ಣನ್ನು ಮಾತ್ರ ರೋಗ ಬಂದ ಜಾಗದಿಂದ ದೂರ, ಹಲಸಿನ ಮರದ ಬುಡದಿಂದ ತಂದೆ. ಒಂದು ಮಾತು ಮರೆಯಬೇಡಿ: ಚೀಲವನ್ನು ಕಟ್ಟೆಯ ಮೇಲೆ ಇಟ್ಟ ಮೇಲೆಯೇ ತುಂಬಿಸಿ. ತುಂಬಿದ ಚೀಲವನ್ನು ನಮ್ಮ ವಯಸ್ಸಿನವರು ಎತ್ತಲೇಬಾರದು. ನೀರು ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಬೇಕೇ ಬೇಕು. ನೆಂಟರ ಮನೆಗೆ ಎರಡು ದಿನ ಹೋದರೆ ಯಾರಿಗಾದರೂ ಹೇಳಿ ಹೋಗಬೇಕು. ಇದೊಂದು ಕೊರತೆ, ನಿಜ. ಆದರೆ ಕಳೆದ ವರ್ಷ ಹನ್ನೆರಡು ಗುಳ್ಳದ ಗಿಡದಲ್ಲಿ ಒಂದೂ ಸೊರಗಲಿಲ್ಲ.

ರುಚಿ ಕೇಳುತ್ತೀರಾ? ಮಟ್ಟು ಊರಿನ ಗದ್ದೆಯಲ್ಲಿ ಬೆಳೆದ ಗುಳ್ಳಕ್ಕೆ ನಮ್ಮದು ಸಮ ಅಲ್ಲ. ಆ ಊರಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ (ಆ ಊರಿನದೇ ವಿಶೇಷ ಬೆಳೆ ಅನ್ನುವ ಜಿಐ ಗುರುತು) ಮಾನ್ಯತೆ ಸಿಕ್ಕಿದ್ದು ಸುಮ್ನೆ ಅಲ್ಲ. ಆದರೂ ಬೆಳಿಗ್ಗೆ ಕೊಯ್ದು ಮಧ್ಯಾಹ್ನ ಹುಳಿಗೆ ಹಾಕಿದ ಹೋಳು ಬಾಯಲ್ಲಿ ಬೆಣ್ಣೆಯ ಹಾಗೆ ಕರಗುತ್ತದೆ.

ಬಸಳೆ ಮತ್ತು ಅಲಸಂಡೆಗೆ ಮಾತ್ರ ಚೀಲ ಬೇಡ. ಬಸಳೆ ಬೇರಿಗೆ ಜಾಗ ಕೇಳುತ್ತದೆ, ಚೀಲದಲ್ಲಿ ಎಲೆ ಸಣ್ಣದಾಯಿತು. ಎರಡೂ ಚಪ್ಪರಕ್ಕೆ ಹಬ್ಬುವುದರಿಂದ ಕೊಯ್ಯಲು ಬಗ್ಗಬೇಕಾಗಿಯೂ ಇಲ್ಲ. ಹೊಂಡದ ತಳದಲ್ಲಿ ತೆಂಗಿನ ಸಿಪ್ಪೆಯನ್ನು ಗುಳಿ ಮೇಲೆ ಬರುವಂತೆ ಜೋಡಿಸಿ, ಮಣ್ಣು ಮುಚ್ಚಿ ನೆಟ್ಟರೆ ನೀರು ಅಲ್ಲೇ ನಿಲ್ಲುತ್ತದೆ. ಅಗೆಯಲು ಒಂದು ದಿನ ಆಳು ಸಾಕು.

ಈ ಸಲ ಗುಳ್ಳ, ಮೆಣಸು, ಹರಿವೆಗೆ ಕಟ್ಟೆಯ ಮೇಲೆ ಹದಿನೆಂಟು ಚೀಲ. ಹರಿವೆಯ ಚೀಲಕ್ಕೆ ಹಳೆಯ ಮೀನಿನ ಬಲೆ ಮುಚ್ಚಿದ್ದೇನೆ, ನವಿಲು ಬಂದು ನೋಡಿ ವಾಪಸ್ ಹೋಗಿದೆ. ಸೊರಗು ಬಂದ ಆ ಸಾಲಿನಲ್ಲಿ ಈಗ ಅಲಸಂಡೆ ಇದೆ. ಹೂ ಬಿಡಲು ಶುರುವಾಗಿದೆ.