ಡೀಸೆಲ್ ಫೋರ್‌ವೀಲ್‌ ಡ್ರೈವ್ ಗಾಡಿಗೆ ಬಾಲ್-ಸ್ಪ್ರಿಂಗ್ ಬೂಸ್ಟ್ ಕಂಟ್ರೋಲರ್: ಯಾರಿಗೆ ಬೇಕು, ಯಾರಿಗೆ ಬೇಡ

ಹೆಬ್ಬೆರಳಿನಷ್ಟು ದಪ್ಪದ ಲೋಹದ ಕೊಳವೆ, ಒಳಗೊಂದು ಗುಂಡು, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್, ತುದಿಯಲ್ಲಿ ಸ್ಕ್ರೂ. ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡವನ್ನು, ಅಂದರೆ ಬೂಸ್ಟನ್ನು, ಕೈಯಿಂದಲೇ ಹೊಂದಿಸುವ ಮ್ಯಾನುಯಲ್ ಬೂಸ್ಟ್ ಕಂಟ್ರೋಲರ್ ಎಂದರೆ ಇಷ್ಟೇ. ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ಎಕ್ಸಾಸ್ಟ್ ಗ್ಯಾಸನ್ನು ಪಕ್ಕದಿಂದ ಹೊರಬಿಡುವ ಬಾಗಿಲು) ಇರುವ ಟರ್ಬೊ ಮತ್ತು ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ಎಂಜಿನ್‌ಗಳಿಗೆ, ಅಂದರೆ ಲ್ಯಾಂಡ್ ರೋವರ್ 300ಟಿಡಿಐ, ಟೊಯೊಟಾ 1ಎಚ್‌ಡಿ-ಟಿ ಥರದವಕ್ಕೆ, ಇದು ಒಳ್ಳೆಯ ಸಾಮಾನು. ಆದರೆ ಬೂಸ್ಟ್ ಗೇಜ್ ಮತ್ತು ಎಕ್ಸಾಸ್ಟ್ ತಾಪದ ಗೇಜ್ ಎರಡನ್ನೂ ಮೊದಲು ಕೂರಿಸದೆ ಇದಕ್ಕೆ ಕೈ ಹಾಕಬೇಡಿ.

ಬೂಸ್ಟ್ ಏರಿಸಲು ಕಾಸಿಲ್ಲದ ದಾರಿಯೂ ಇದೆ: ಗಾಳಿಯ ಒತ್ತಡದಿಂದ ವೇಸ್ಟ್‌ಗೇಟ್ ತೆರೆಯುವ ಡಬ್ಬಿಯ, ಅಂದರೆ ಆಕ್ಚುಯೇಟರ್‌ನ, ರಾಡ್‌ನ ಲಾಕ್‌ನಟ್ ಸಡಿಲಿಸಿ, ಕ್ಲಿಪ್ ತೆಗೆದು, ರಾಡ್ ತುದಿಯನ್ನು ಒಳಕ್ಕೆ ತಿರುಗಿಸಿ ಗಿಡ್ಡ ಮಾಡುವುದು. ರಾಡ್ ಗಿಡ್ಡವಾದಷ್ಟೂ ಸ್ಪ್ರಿಂಗ್ ಮೊದಲೇ ಬಿಗಿಯಾಗಿರುತ್ತದೆ, ಗೇಟ್ ತಡವಾಗಿ ತೆರೆಯುತ್ತದೆ. ಎಂ6 (6 ಮಿ.ಮೀ.) ಥ್ರೆಡ್‌ನಲ್ಲಿ ಒಂದು ಪೂರ್ತಿ ಸುತ್ತು ಅಂದರೆ 1 ಮಿ.ಮೀ. ಸ್ವಲ್ಪ ಬೂಸ್ಟ್ ಸಾಕೆನ್ನುವವರಿಗೆ ಇದೇ ಸಾಕು, ದುಡ್ಡು ಉಳಿಸಿ. ಆದರೆ ರಾಡ್ ಅತಿ ಗಿಡ್ಡವಾದರೆ ಗೇಟ್ ಪೂರ್ತಿ ತೆರೆಯಲು ಜಾಗ ಸಾಲದೆ, ಆರ್‌ಪಿಎಂ ಏರಿದಂತೆಲ್ಲ ಬೂಸ್ಟ್ ಕೂಡ ಏರುತ್ತಲೇ ಹೋಗಬಹುದು.

ಕಂಟ್ರೋಲರ್‌ನ ನಿಜವಾದ ಲಾಭ ಬೇರೆ ಕಡೆ ಇದೆ. ಕಂಪನಿ ಜೋಡಣೆಯಲ್ಲಿ ಗೇಟ್ ಪೂರ್ತಿ ಬೂಸ್ಟ್ ಬರುವ ಮೊದಲೇ ಸ್ವಲ್ಪ ಸ್ವಲ್ಪ ತೆರೆದುಕೊಂಡು ಗ್ಯಾಸ್ ಸೋರಿಸಲು ಶುರು ಮಾಡುತ್ತದೆ. ಇಲ್ಲಿ ಗುಂಡು ತನ್ನ ಒತ್ತಡ ಮುಟ್ಟುವವರೆಗೆ ಆಕ್ಚುಯೇಟರ್‌ಗೆ ಗಾಳಿಯನ್ನೇ ಬಿಡುವುದಿಲ್ಲ. ಹಾಗಾಗಿ ಟರ್ಬೊ ಬೇಗ ಏಳುತ್ತದೆ. ಭಾರ ಹೇರಿಕೊಂಡು ಏರು ಹತ್ತುವಾಗ ಗೇರ್ ಇಳಿಸುವ ಮೊದಲಿನ ಆ ಸುಸ್ತು ಕಡಿಮೆಯಾಗುತ್ತದೆ. ಸೂಜಿ ಕವಾಟದಿಂದ ಗಾಳಿಯನ್ನು ಹೊರಗೆ ಸೋರಿಸುವ ಬ್ಲೀಡ್ ಮಾದರಿಯಲ್ಲಿ ಈ ಗುಣ ಇಷ್ಟು ಚೆನ್ನಾಗಿ ಸಿಗದು. ಅದು ಬೇಡ.

ಶಕ್ತಿಯ ಬಗ್ಗೆ ಭ್ರಮೆ ಬೇಡ. ಡೀಸೆಲ್‌ನಲ್ಲಿ ಗಾಳಿ ಮಾತ್ರ ಹೆಚ್ಚಿಸಿದರೆ ಕಪ್ಪು ಹೊಗೆ ಮತ್ತು ಎಕ್ಸಾಸ್ಟ್ ತಾಪ ಇಳಿಯುತ್ತವೆ, ಎಳೆತ ಅಷ್ಟೇನೂ ಹೆಚ್ಚದು. ಬೂಸ್ಟ್ ಏರಿದಂತೆ ಇಂಧನ ಹೆಚ್ಚಿಸುವ, ಪಂಪ್ ಮೇಲಿನ ಬೂಸ್ಟ್ ಡಯಾಫ್ರಾಮ್ ಪೂರ್ತಿ ಕೆಳಗಿಳಿದ ಮೇಲೆ ಒತ್ತಡ ಎಷ್ಟು ಹೆಚ್ಚಿದರೂ ಇಂಧನ ಹೆಚ್ಚುವುದಿಲ್ಲ. ಈಗಾಗಲೇ ಇಂಧನ ಏರಿಸಿ ಹೊಗೆ ಉಗುಳುತ್ತಿರುವ ಗಾಡಿಗೇ ಇದರಿಂದ ಹೆಚ್ಚು ಉಪಯೋಗ.

ಕೂರಿಸುವ ಮುನ್ನ ಗೇಜ್ ಇರುವ ಕೈಪಂಪಿನಿಂದ ಆಕ್ಚುಯೇಟರ್‌ಗೆ ನಿಧಾನವಾಗಿ ಗಾಳಿ ಕೊಡಿ. ರಾಡ್ ಎಷ್ಟು ಪಿಎಸ್‌ಐ (ಒತ್ತಡದ ಅಳತೆ) ಮುಟ್ಟಿದಾಗ ಅಲುಗಿತು ಎಂದು ಬರೆದಿಟ್ಟುಕೊಳ್ಳಿ. ಒತ್ತಡ ನಿಲ್ಲದೆ ಇಳಿಯುತ್ತಿದ್ದರೆ ಆಕ್ಚುಯೇಟರ್ ಒಳಗಿನ ಡಯಾಫ್ರಾಮ್ ಹರಿದಿದೆ, ಮೊದಲು ಅದನ್ನು ಬದಲಿಸಿ. ಆಮೇಲೆ ಟರ್ಬೊದ ಕಂಪ್ರೆಸರ್‌ನಿಂದ ಆಕ್ಚುಯೇಟರ್‌ಗೆ ಹೋಗುವ ಸಣ್ಣ ಹೋಸ್ ಕತ್ತರಿಸಿ ಮಧ್ಯೆ ಕಂಟ್ರೋಲರ್ ಇಡಿ. ಮೇಲಿನ ಬಾಣದ ಗುರುತು ಆಕ್ಚುಯೇಟರ್ ಕಡೆಗಿರಲಿ. ತಿರುಗಾಮುರುಗಾ ಆದರೆ ಗಾಳಿಯೇ ಗುಂಡನ್ನು ಸೀಟಿಗೆ ಒತ್ತಿ ಹಿಡಿಯುತ್ತದೆ, ಗೇಟ್ ತೆರೆಯುವುದೇ ಇಲ್ಲ, ಬೂಸ್ಟ್‌ಗೆ ಲಗಾಮೇ ಇರುವುದಿಲ್ಲ. ಸಿಲಿಕೋನ್ ಹೋಸ್ ಹಾಕಿ, ನಾಲ್ಕೂ ತುದಿಗೆ ಕ್ಲಿಪ್ ಹಾಕಿ, ಮ್ಯಾನಿಫೋಲ್ಡ್ ಬಿಸಿಯಿಂದ ದೂರ ಕಟ್ಟಿ. ಬೂಸ್ಟ್ ಗೇಜ್‌ನ ಕೊಳವೆಯನ್ನು ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದಲೇ ತೆಗೆದುಕೊಳ್ಳಿ.

ಸ್ಕ್ರೂವನ್ನು ಸ್ಪ್ರಿಂಗ್‌ಗೆ ತಾಗಿಯೂ ತಾಗದಷ್ಟು ಸಡಿಲದಿಂದ ಶುರು ಮಾಡಿ, ಪ್ರತಿ ಸಲ ಅರ್ಧ ಸುತ್ತು ಮಾತ್ರ ಬಿಗಿ ಮಾಡಿ. ಏರು ರಸ್ತೆಯಲ್ಲಿ 3 ಅಥವಾ 4ನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ನಿಂತಲ್ಲೇ ರೇಸ್ ಮಾಡಿ ಓದಿದ ಅಂಕಿಗೆ ಬೆಲೆಯಿಲ್ಲ, ಲೋಡ್ ಇಲ್ಲದೆ ಬೂಸ್ಟ್ ಕಟ್ಟುವುದಿಲ್ಲ. ಮೂಲ ಬೂಸ್ಟ್‌ಗಿಂತ 3–4 ಪಿಎಸ್‌ಐ ಹೆಚ್ಚಾದಾಗ ನಿಲ್ಲಿಸಿ. ಟರ್ಬೊಗೆ ಮುಂಚಿನ ಎಕ್ಸಾಸ್ಟ್ ತಾಪ ದೀರ್ಘ ಏರಿನಲ್ಲಿ 700 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಸರಿಹೋದ ಮೇಲೆ ಲಾಕ್‌ನಟ್ ಬಿಗಿದು ಮೇಲೊಂದು ಬಣ್ಣದ ಗೆರೆ ಎಳೆಯಿರಿ, ಸಡಿಲಾದರೆ ಕಣ್ಣಿಗೆ ಬೀಳುತ್ತದೆ.

ಎತ್ತರದ ಪ್ರದೇಶಗಳಲ್ಲಿ ಓಡಾಡುವವರು ಇನ್ನೂ ಕಡಿಮೆಗೆ ಇಡಬೇಕು. ಸಮುದ್ರ ಮಟ್ಟದಲ್ಲಿ 1 ಬಾರ್ (ಸುಮಾರು 14.5 ಪಿಎಸ್‌ಐ) ಬೂಸ್ಟ್ ಎಂದರೆ ಗಾಳಿಯನ್ನು ಎರಡು ಪಟ್ಟು ಒತ್ತಿದಂತೆ. 3000 ಮೀಟರ್‌ನಲ್ಲಿ ಹೊರಗಿನ ಒತ್ತಡ ಸುಮಾರು 0.7 ಬಾರ್, ಅಲ್ಲಿ ಗೇಜ್ ಅದೇ 1 ಬಾರ್ ತೋರಿಸಲು ಹೆಚ್ಚುಕಡಿಮೆ 2.4 ಪಟ್ಟು ಒತ್ತಬೇಕು. ಟರ್ಬೊ ಅಷ್ಟು ಜೋರಾಗಿ ತಿರುಗಿ, ಇನ್‌ಟೇಕ್ ಗಾಳಿಯೂ ಬಿಸಿಯಾಗುತ್ತದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದ ಗಾಡಿಗಂತೂ ಇದು ನುಂಗಲಾರದ ತುತ್ತು.

ಕಾಮನ್‌ರೈಲ್ ಗಾಡಿಯವರು, ಅಂದರೆ ಡೀಸೆಲ್ ಚಿಮ್ಮಿಸುವುದನ್ನು ಕಂಪ್ಯೂಟರೇ ನಿಯಂತ್ರಿಸುವ ಗಾಡಿಯವರು, ಇದನ್ನು ಕೊಳ್ಳಬೇಡಿ. ಇಸಿಯು (ಎಂಜಿನ್ ಕಂಪ್ಯೂಟರ್) ಹೆಚ್ಚುವರಿ ಬೂಸ್ಟ್ ಕಂಡೊಡನೆ ಪಿ0234 ದೋಷದ ಕೋಡ್ ಹಾಕಿ, ಶಕ್ತಿ ತಗ್ಗಿಸುವ ಲಿಂಪ್ ಮೋಡ್‌ಗೆ ತಳ್ಳಬಹುದು. ಒಳಗಿನ ವೇನ್‌ಗಳನ್ನು (ರೆಕ್ಕೆಗಳನ್ನು) ಹೊರಳಿಸಿ ಬೂಸ್ಟ್ ಹೊಂದಿಸುವ ವಿಜಿಟಿ ಟರ್ಬೊದಲ್ಲಿ ಸಾಮಾನ್ಯವಾಗಿ ವೇಸ್ಟ್‌ಗೇಟೇ ಇರುವುದಿಲ್ಲ.

ಕೊಳ್ಳುವಾಗ ಆಕ್ಚುಯೇಟರ್ ಬದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಆಕ್ಸಿಲರೇಟರ್ ಬಿಟ್ಟಾಗ ಆಕ್ಚುಯೇಟರ್‌ನಲ್ಲಿ ಸಿಕ್ಕಿಕೊಂಡ ಗಾಳಿ ಹೊರಹೋಗುವುದು ಅದರಿಂದಲೇ. ಅಗ್ಗದ ಕೆಲವದರಲ್ಲಿ ಅದು ಇರುವುದೇ ಇಲ್ಲ. ಕೆಸರು, ದೂಳಿನಲ್ಲಿ ಓಡಿಸಿದರೆ ಮುಚ್ಚಿಯೂ ಹೋಗುತ್ತದೆ. ಗೇರ್ ಬದಲಿಸಿದ ಮೇಲೆ ಪಿಕಪ್ ಮಂದವಾಯಿತೆಂದರೆ ಮೊದಲು ಈ ತೂತಿಗೆ ಸಣ್ಣ ತಂತಿ ತೂರಿಸಿ ನೋಡಿ, ಆಮೇಲೆ ಸ್ಕ್ರೂ ಮುಟ್ಟಿ.